ಅಂಗೈಯಗಲದ ನೆಲ, ಊರಗಲದ ಗೊಬ್ಬರ: ನಗರ ಬೇಸಾಯದ ಲೆಕ್ಕಾಚಾರ

ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಪ್ಯಾರಿಸ್ ನಗರದ ವಿಸ್ತೀರ್ಣದ ಸುಮಾರು ಆರನೇ ಒಂದು ಭಾಗದಲ್ಲಿ ತರಕಾರಿ ತೋಟಗಳಿದ್ದವು. ಗೋಡೆ ಕಟ್ಟಿ ಗಾಳಿ ತಡೆದ ಸಣ್ಣ ತುಂಡುಗಳಲ್ಲಿ, ಗಂಟೆಯಾಕಾರದ ಗಾಜಿನ ಮುಚ್ಚಳಗಳನ್ನು ಗಿಡಗಳ ಮೇಲೆ ಕವುಚಿ, ಕೊಳೆಯುವಾಗ ಬಿಸಿ ಕಾರುವ ಕುದುರೆ ಲದ್ದಿಯ ಮಡಿಗಳ ಮೇಲೆ ನಡುಚಳಿಗಾಲದಲ್ಲೂ ಸೊಪ್ಪು ಬೆಳೆಯುತ್ತಿದ್ದ ಆ ತೋಟಗಾರರು ವರ್ಷಕ್ಕೆ ಒಂದು ಲಕ್ಷ ಟನ್ನಿಗೂ ಹೆಚ್ಚು ಫಸಲು ತೆಗೆಯುತ್ತಿದ್ದರು. ಈ ಅಂಕಿಯ ಪಕ್ಕದಲ್ಲೇ ಇಡಬೇಕಾದ ಇನ್ನೊಂದು ಅಂಕಿಯಿದೆ. ಅದಕ್ಕಾಗಿ ನಗರದ ಲಾಯಗಳಿಂದ ಪ್ರತಿ ವರ್ಷ ಸುಮಾರು ಹತ್ತು ಲಕ್ಷ ಟನ್ ಲದ್ದಿಗೊಬ್ಬರ ಆ ತೋಟಗಳಿಗೆ ಹೋಗುತ್ತಿತ್ತು. ಒಂದು ಟನ್ ತರಕಾರಿಗೆ ಹತ್ತು ಟನ್ ಗೊಬ್ಬರ! ಅಂದಿನ ನಗರ ಸಾರಿಗೆ ಬಹುಮಟ್ಟಿಗೆ ಕುದುರೆಗಳ ಬೆನ್ನ ಮೇಲೆ ನಡೆಯುತ್ತಿದ್ದುದರಿಂದ ಇದು ಸಾಧ್ಯವಾಯಿತು. ಮೋಟಾರು ವಾಹನಗಳು ಬಂದು ಲಾಯಗಳು ಬರಿದಾಗುತ್ತಿದ್ದಂತೆ, ಜಮೀನಿನ ಬೆಲೆಯೂ ಏರಿ, ಆ ಪದ್ಧತಿ ಕುಗ್ಗುತ್ತ ಹೋಯಿತು. ತೋಟಗಾರರ ಕೌಶಲ ಹಾಗೆಯೇ ಇತ್ತು. ಅದನ್ನು ಹೊತ್ತು ನಿಂತಿದ್ದ ಗೊಬ್ಬರದ ಹರಿವು ನಿಂತಿತ್ತು.

ನಗರದಲ್ಲಿ ಬೇಸಾಯ ಮಾಡಬಯಸುವವರು ಮೊದಲು ಕೇಳುವ ಪ್ರಶ್ನೆ ಜಾಗ ಎಷ್ಟಿದೆ ಎಂಬುದು. ಆ ಪ್ರಶ್ನೆ ತಪ್ಪಲ್ಲ, ಆದರೆ ಅದು ಎರಡನೆಯದು. ಆ ಜಾಗಕ್ಕೆ ಬೆಳಕು, ನೀರು, ಸಾರ ಎಲ್ಲಿಂದ ಎಷ್ಟು ಬರುತ್ತವೆ, ಎಲ್ಲಿಗೆ ಹೋಗುತ್ತವೆ ಎಂಬ ಲೆಕ್ಕ ಮೊದಲು ಸಿಗಬೇಕು. ಇವು ಹೊಂದಿಕೊಂಡರೆ ಕಿಟಕಿಯಂಚೂ ಫಲ ಕೊಡುತ್ತದೆ. ಹೊಂದದಿದ್ದರೆ ಅರ್ಧ ಎಕರೆಯೂ ಎರಡು ವರ್ಷದಲ್ಲಿ ಬಳಲುತ್ತದೆ. ನಗರ ಬೇಸಾಯ ಸುಸ್ಥಿರವಾಗಿರಬೇಕು ಎನ್ನುವಾಗ ನನ್ನ ಅರ್ಥ ಇಷ್ಟೇ ಸರಳ: ಹೊರಗಿನಿಂದ ಕೊಂಡು ತರುವುದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ, ಮಣ್ಣಿನ ಕಸುವು ಮಾತ್ರ ಹೆಚ್ಚುತ್ತ ಹೋಗುವ ಬೇಸಾಯ.

ಏನನ್ನು ನಿರೀಕ್ಷಿಸಬಹುದು ಎಂಬುದನ್ನು ಮೊದಲೇ ನಿಷ್ಠುರವಾಗಿ ಲೆಕ್ಕಹಾಕುವುದು ಒಳ್ಳೆಯದು. ಒಬ್ಬ ವ್ಯಕ್ತಿಗೆ ದಿನಕ್ಕೆ 2,000 ಕ್ಯಾಲೊರಿ ಬೇಕೆಂದರೆ ವರ್ಷಕ್ಕೆ 7,30,000 ಕ್ಯಾಲೊರಿ ಆಗುತ್ತದೆ. ಗೋಧಿಯ ಜಾಗತಿಕ ಸರಾಸರಿ ಇಳುವರಿ ಹೆಕ್ಟೇರಿಗೆ ಸುಮಾರು ಮೂರೂವರೆ ಟನ್, ಅಂದರೆ ಚದರ ಮೀಟರಿಗೆ 350 ಗ್ರಾಂ. ಅದರಲ್ಲಿರುವುದು ಸರಿಸುಮಾರು 1,200 ಕ್ಯಾಲೊರಿ. ಹೀಗಾಗಿ ಒಬ್ಬರ ಹೊಟ್ಟೆಯನ್ನು ಬರೀ ಕಾಳಿನಿಂದ ತುಂಬಿಸಲು 600 ಚದರ ಮೀಟರ್ ಹೊಲ ಬೇಕು. ಅಷ್ಟು ನೆಲ ನಗರವಾಸಿಗಳಲ್ಲಿ ಬಹುತೇಕರಿಗೆ ಕನಸಿನ ಮಾತು. ತರಕಾರಿಯ ಲೆಕ್ಕವೇ ಬೇರೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ ತಿನ್ನಬೇಕೆಂದು ಹೇಳುತ್ತದೆ. ವರ್ಷಕ್ಕೆ ಇದು 146 ಕಿಲೋ. ಚದರ ಮೀಟರಿಗೆ ವರ್ಷಕ್ಕೆ 3 ಕಿಲೋ ಎಂಬ ಸಾಧಾರಣ ಇಳುವರಿ ಹಿಡಿದರೂ, ಅಷ್ಟೂ ತೂಕವನ್ನು ತರಕಾರಿಯಲ್ಲೇ ತೆಗೆಯಲು 50 ಚದರ ಮೀಟರ್ ಸಾಕು. ಆದ್ದರಿಂದ ಸಣ್ಣ ತುಂಡಿನಲ್ಲಿ ಧಾನ್ಯ, ಗೆಡ್ಡೆಗಳ ಗೋಜಿಗೆ ಹೋಗದೆ, ಕಿತ್ತ ಗಂಟೆಗಳಲ್ಲೇ ಬಾಡುವ ಸೊಪ್ಪು, ಎಳೆಯ ಕಾಯಿ, ಸುವಾಸನೆಯ ಎಲೆಗಳಂಥವನ್ನು ಬೆಳೆಯುವುದು ವಿವೇಕ. ದೂರದಿಂದ ಬಂದಷ್ಟೂ ಸತ್ವವನ್ನೂ ರುಚಿಯನ್ನೂ ಕಳೆದುಕೊಳ್ಳುವ ಬೆಳೆಗಳು ಇವು.

ನೀರನ್ನು ಹೊತ್ತು ತರಬಹುದು, ಮಣ್ಣನ್ನೂ ತರಬಹುದು, ಬಿಸಿಲನ್ನು ತರಲಾಗದು. ನಗರದ ಜಾಗಗಳನ್ನು ಮೊದಲು ಬೇರ್ಪಡಿಸುವುದು ಕಟ್ಟಡಗಳ ನೆರಳು. ನೇರ ಬಿಸಿಲು ದಿನಕ್ಕೆ ಮೂರು-ನಾಲ್ಕು ಗಂಟೆ ಬಿದ್ದರೆ ಸೊಪ್ಪುಗಳು ಬರುತ್ತವೆ. ಮೂಲಂಗಿ, ಕ್ಯಾರೆಟ್‌ಗಳಂಥ ಬೇರುಬೆಳೆಗಳಿಗೆ ಇನ್ನೊಂದು ಗಂಟೆ ಹೆಚ್ಚು ಬೇಕು. ಟೊಮೆಟೊ, ಮೆಣಸಿನಕಾಯಿ, ಬದನೆ, ಸೌತೆಗಳಂತೆ ಹೂಬಿಟ್ಟು ಕಾಯಿ ಕಟ್ಟಬೇಕಾದವು ಆರರಿಂದ ಎಂಟು ಗಂಟೆ ಕೇಳುತ್ತವೆ. ನೆರಳಿನಲ್ಲಿ ಬೆಳೆದ ಟೊಮೆಟೊ ಗಿಡ ಸಾಯುವುದಿಲ್ಲ, ಉದ್ದುದ್ದ ಬೆಳೆದು ಹಸಿರಾಗಿ ನಿಂತು ಮಾಲೀಕರನ್ನು ತಿಂಗಳುಗಟ್ಟಲೆ ನಂಬಿಸುತ್ತದೆ. ಕಾಯಿ ಮಾತ್ರ ಬಿಡುವುದಿಲ್ಲ. ಒಂದು ಮಡಕೆ ಕೊಳ್ಳುವ ಮೊದಲೇ ಬೆಳಿಗ್ಗೆಯಿಂದ ಸಂಜೆಯವರೆಗೆ ಗಂಟೆಗೊಮ್ಮೆ ನೆರಳು ಎಲ್ಲೆಲ್ಲಿ ಬೀಳುತ್ತದೆಂದು ಗುರುತು ಹಾಕಿಕೊಂಡು, ಸೂರ್ಯನ ಹಾದಿ ಋತುವಿನೊಂದಿಗೆ ಬದಲಾಗುವುದರಿಂದ ಎರಡು-ಮೂರು ತಿಂಗಳ ನಂತರ ಅದನ್ನೇ ಮತ್ತೊಮ್ಮೆ ಮಾಡುವ ತಾಳ್ಮೆ ಇರಬೇಕು. ಚಪ್ಪರಕ್ಕೆ, ಹಂದರಕ್ಕೆ ಹಬ್ಬುವ ಬೆಳೆಗಳನ್ನು ಉತ್ತರಾರ್ಧಗೋಳದವರು ಜಾಗದ ಉತ್ತರದ ಅಂಚಿನಲ್ಲೂ ದಕ್ಷಿಣಾರ್ಧದವರು ದಕ್ಷಿಣದ ಅಂಚಿನಲ್ಲೂ ಹಬ್ಬಿಸಿದರೆ ಅವು ಉಳಿದ ಗಿಡಗಳ ಬೆಳಕನ್ನು ಕದಿಯುವುದಿಲ್ಲ.

ಬಿಸಿಲಿಲ್ಲದಿದ್ದರೆ ಎಲ್‌ಇಡಿ ದೀಪ ಹಾಕಿದರಾಯಿತಲ್ಲ ಎಂಬ ಉತ್ತರ ಈಗ ಸುಲಭವಾಗಿ ಬರುತ್ತದೆ. ಅದನ್ನೂ ಲೆಕ್ಕಕ್ಕೆ ಹಚ್ಚೋಣ. ಒಂದು ಕಿಲೋ ಗೋಧಿಯಲ್ಲಿ ಅಡಗಿರುವ ಶಕ್ತಿ ಸುಮಾರು 4 ಯೂನಿಟ್ ವಿದ್ಯುತ್ತಿಗೆ ಸಮ. ದೀಪದ ಬೆಳಕಿನಲ್ಲಿ ನೂರಕ್ಕೆ ಐದರಷ್ಟು ಕಾಳಿಗೆ ಸೇರಿತು ಎಂದು ಧಾರಾಳವಾಗಿಯೇ ಒಪ್ಪಿಕೊಂಡರೂ 80 ಯೂನಿಟ್ಟಿನಷ್ಟು ಬೆಳಕು ಬೇಕು. ದೀಪವು ವಿದ್ಯುತ್ತಿನ ಮೂರರಲ್ಲಿ ಎರಡು ಭಾಗವನ್ನು ಮಾತ್ರ ಬೆಳಕಾಗಿಸಿದರೆ ಅದು 120 ಯೂನಿಟ್ ಆಗುತ್ತದೆ. ಸೊಪ್ಪಿನಲ್ಲಿ ನೂರಕ್ಕೆ ತೊಂಬತ್ತೈದು ಪಾಲು ನೀರೇ ಆದ್ದರಿಂದ, ಅದೇ ಲೆಕ್ಕದಲ್ಲಿ ಒಂದು ಕಿಲೋ ಸೊಪ್ಪಿಗೆ ಏಳು ಯೂನಿಟ್ ಸುತ್ತಮುತ್ತ ಬೀಳುತ್ತದೆ. ಕೋಣೆಯನ್ನು ತಂಪಾಗಿಡುವ ಖರ್ಚು ಬೇರೆ. ಅಂತಸ್ತುಗಳ ಮೇಲೆ ಅಂತಸ್ತು ಕಟ್ಟಿ ದೀಪದಡಿ ಬೆಳೆಯುವ ಕಾರ್ಖಾನೆಗಳು ಸೊಪ್ಪಿನಾಚೆಗೆ ಹೆಚ್ಚು ಹೋಗದಿರಲು ಇದೇ ಕಾರಣ. ಮಣ್ಣಿಲ್ಲದೆ ನೀರಿನಲ್ಲಿ ಬೆಳೆಯುವ ಹೈಡ್ರೋಪೋನಿಕ್ಸ್ ನೀರನ್ನು ಬಹಳ ಉಳಿಸುತ್ತದೆ ಎಂಬುದು ನಿಜ, ಬಿಸಿಲಿರುವ ತಾರಸಿಯಲ್ಲಿ ಅದಕ್ಕೊಂದು ಸ್ಥಾನವೂ ಇದೆ. ಆದರೆ ಅದರ ಪೋಷಕಾಂಶಗಳೆಲ್ಲ ಕಾರ್ಖಾನೆಯಿಂದಲೋ ಗಣಿಯಿಂದಲೋ ಬರುವ ಲವಣಗಳು. ನಗರದ ಹಸಿ ಕಸಕ್ಕೆ ಅಲ್ಲಿ ನೇರವಾದ ದಾರಿಯಿಲ್ಲ. ನನ್ನ ಮಟ್ಟಿಗೆ ಇದು ಸಣ್ಣ ಕೊರತೆಯಲ್ಲ.

ಬೇರಿನ ವಿಷಯಕ್ಕೆ ಬಂದರೆ, ತಾರಸಿಯಲ್ಲಿ ಎಲ್ಲಕ್ಕಿಂತ ಮೊದಲು ಎದುರಾಗುವುದು ಭಾರ. ಒಂದು ಚದರ ಮೀಟರ್ ಜಾಗದಲ್ಲಿ ಹತ್ತು ಸೆಂಟಿಮೀಟರ್ ಎತ್ತರಕ್ಕೆ ಹರಡಿದ ಸಾಮಾನ್ಯ ಮಣ್ಣು ನೀರು ಕುಡಿದು ತುಂಬಿದಾಗ 160ರಿಂದ 190 ಕಿಲೋ ತೂಗುತ್ತದೆ. ಜನ ಓಡಾಡುವ ಮನೆ ತಾರಸಿಗಳನ್ನು ಹಲವು ಕಡೆ ಚದರ ಮೀಟರಿಗೆ 150ರಿಂದ 200 ಕಿಲೋ ಹೆಚ್ಚುವರಿ ಭಾರಕ್ಕೆ ಮಾತ್ರ ವಿನ್ಯಾಸಗೊಳಿಸಿರುತ್ತಾರೆ. ಆ ಭಾರ ಜನರದ್ದೂ ಹೌದು, ಜೋರು ಮಳೆಯಲ್ಲಿ ನಿಂತ ನೀರಿನದ್ದೂ ಹೌದು. ಆದ್ದರಿಂದ ಇಡೀ ತಾರಸಿಗೆ ಮಣ್ಣು ಹರಡುವ ಯೋಜನೆ ಇದ್ದವರು ಕಟ್ಟಡದ ಎಂಜಿನಿಯರನ್ನು ಕೇಳದೆ ಮುಂದುವರಿಯಬಾರದು. ಮಡಕೆ, ಚೀಲಗಳಲ್ಲಿ ಬೆಳೆಯುವವರು ಭಾರವಾದವನ್ನು ಹೊರೆ ಹೊರುವ ಗೋಡೆಗಳ ಮೇಲೆ, ತೊಲೆ ಹಾದುಹೋದ ಸಾಲಿನಲ್ಲಿ ಇಡಬೇಕು. ಕಾಂಪೋಸ್ಟ್, ತೆಂಗಿನ ನಾರಿನ ಪುಡಿ, ಸ್ವಲ್ಪ ಮರಳು ಅಥವಾ ಪರ್ಲೈಟ್ ಎಂಬ ಉಬ್ಬಿಸಿದ ಹಗುರ ಕಲ್ಲಿನ ಹರಳು ಬೆರೆಸಿದ ಹಗುರ ಮಿಶ್ರಣ ತೂಕವನ್ನು ಗಣನೀಯವಾಗಿ ಇಳಿಸುತ್ತದೆ.

ಮಡಕೆಯ ತಳದಲ್ಲಿ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ, ಅದು ತಪ್ಪು. ಮಣ್ಣಿನ ಸಣ್ಣ ರಂಧ್ರಗಳು ನೀರನ್ನು ಹಿಡಿದಿಡುವ ಬಲ ಜಲ್ಲಿಯ ದೊಡ್ಡ ಸಂದುಗಳಿಗಿಲ್ಲವಾದ್ದರಿಂದ, ಮೇಲಿನ ಮಣ್ಣು ಪೂರ್ತಿ ತುಂಬಿ ತುಳುಕುವವರೆಗೆ ನೀರು ಜಲ್ಲಿಗೆ ಇಳಿಯುವುದೇ ಇಲ್ಲ. ತಳದಲ್ಲಿ ನಿಲ್ಲಬೇಕಿದ್ದ ತೇವದ ಪದರ ಜಲ್ಲಿಯ ಮೇಲಕ್ಕೆ ಏರಿ ಬೇರಿನ ಹತ್ತಿರ ನಿಲ್ಲುತ್ತದೆ. ತೂತುಗಳಿದ್ದು, ಮಣ್ಣು ಸಡಿಲವಾಗಿದ್ದು, ಮಡಕೆ ಆಳವಾಗಿದ್ದರೆ ಅಷ್ಟೇ ಸಾಕು. ಸೊಪ್ಪಿಗೆ 15 ಸೆಂಟಿಮೀಟರ್ ಆಳ ಸಾಲುತ್ತದೆ. ಒಂದು ಟೊಮೆಟೊ ಗಿಡಕ್ಕೆ 15ರಿಂದ 20 ಲೀಟರ್ ಮಣ್ಣಾದರೂ ಬೇಕು.

ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಈ ಒಂದು ಸಮೀಕರಣ ಮನಸ್ಸಿನಲ್ಲಿದ್ದರೆ ನೀರಿನ ಲೆಕ್ಕವೆಲ್ಲ ಬೆರಳ ತುದಿಯಲ್ಲಿರುತ್ತದೆ. ಬೆಳೆದ ಗಿಡಗಳಿಂದ ತುಂಬಿದ ಮಡಿ ಬೆಚ್ಚಗಿನ ದಿನದಲ್ಲಿ 3ರಿಂದ 6 ಮಿಲಿಮೀಟರ್ ನೀರನ್ನು ಆವಿಯಾಗಿಸುತ್ತದೆ. ಹತ್ತು ಚದರ ಮೀಟರಿಗೆ ಅದು ದಿನಕ್ಕೆ 30ರಿಂದ 60 ಲೀಟರ್. ಐವತ್ತು ಚದರ ಮೀಟರ್ ಸೂರಿನ ಮೇಲೆ 20 ಮಿಲಿಮೀಟರ್ ಮಳೆ ಸುರಿದರೆ, ಐದನೇ ಒಂದು ಪಾಲು ಪೋಲಾದರೂ 800 ಲೀಟರ್ ಸಿಗುತ್ತದೆ. ಅಂದರೆ ಒಂದು ಒಳ್ಳೆಯ ಮಳೆ ಆ ಮಡಿಗೆ ಎರಡರಿಂದ ನಾಲ್ಕು ವಾರದ ನೀರು. ಗಿಡ ಹೀರಿದ ನೀರಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಎಲೆಗಳ ಮೂಲಕ ಗಾಳಿಗೆ ಹೋಗುತ್ತದೆ, ಅದನ್ನು ತಡೆಯಲಾಗದು. ಆದರೆ ಬರಿಮಣ್ಣಿನಿಂದ ಆರಿಹೋಗುವ ನೀರನ್ನು ಒಣಎಲೆಯ ಹೊದಿಕೆ ತಡೆಯುತ್ತದೆ. ತಾರಸಿಯ ಮಡಕೆಗಳಿಗೆ ಗಾಳಿಯ ಹೊಡೆತ ಹೆಚ್ಚು, ಬದಿಯಿಂದಲೂ ಬಿಸಿ ತಾಗುತ್ತದೆ. ಬಿಸಿಲಲ್ಲಿಟ್ಟ ಕಪ್ಪು ಪ್ಲಾಸ್ಟಿಕ್ ಮಡಕೆಯೊಳಗೆ ಬೇರು ಬೇಯುವ ಮಟ್ಟಕ್ಕೆ ಮಣ್ಣು ಕಾಯುವುದರಿಂದ, ಮಡಕೆಗಳನ್ನು ಒತ್ತೊತ್ತಾಗಿ ಇಟ್ಟು ಒಂದಕ್ಕೊಂದು ನೆರಳಾಗಿಸುವುದು ಖರ್ಚಿಲ್ಲದ ಉಪಾಯ.

ಇನ್ನು ಗೊಬ್ಬರ. ಪ್ಯಾರಿಸ್ಸಿನ ಲದ್ದಿಯ ಜಾಗದಲ್ಲಿ ಇಂದಿನ ನಗರಗಳಲ್ಲಿರುವುದು ಅಡುಗೆಮನೆಯ ಹಸಿ ಕಸ, ಉದ್ಯಾನಗಳ ತರಗೆಲೆ, ಮರಗೆಲಸದ ಹೊಟ್ಟು. ಇವುಗಳಲ್ಲಿ ಇಂಗಾಲ ಮತ್ತು ಸಾರಜನಕ ಬೇರೆ ಬೇರೆ ಪ್ರಮಾಣದಲ್ಲಿರುತ್ತವೆ. ಕೊಳೆಸುವ ಸೂಕ್ಷ್ಮಾಣುಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಒಪ್ಪುತ್ತದೆ. ಅಡುಗೆಮನೆಯ ಹಸಿ ಕಸದಲ್ಲಿ ಇಂಗಾಲ ಅದಕ್ಕಿಂತ ಕಡಿಮೆ, ಒಣಎಲೆಯಲ್ಲಿ ಹೆಚ್ಚು. ಒಂದು ಬುಟ್ಟಿ ಹಸಿಗೆ ಎರಡು-ಮೂರು ಬುಟ್ಟಿ ಒಣಎಲೆ ಎಂಬ ರೂಢಿ ಹುಟ್ಟಿದ್ದು ಹೀಗೆ. ರಾಶಿ ಮೂಗಿಗೆ ಚುಚ್ಚುವಂತೆ ಅಮೋನಿಯಾ ನಾತ ಬೀರಿದರೆ ಸಾರಜನಕ ಹೆಚ್ಚಾಗಿದೆ. ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿ ಸಾಲುತ್ತಿಲ್ಲ. ವಾರಗಟ್ಟಲೆ ಹಾಗೇ ಬಿದ್ದಿದ್ದರೆ ತೇವವೋ ಸಾರಜನಕವೋ ಸಾಲದು. ಮೂಗಿಗಿಂತ ಒಳ್ಳೆಯ ಉಪಕರಣ ಈ ಕೆಲಸಕ್ಕೆ ಬೇಕಿಲ್ಲ. ರೋಗಾಣು, ಕಳೆಬೀಜಗಳು ಸಾಯಲು ರಾಶಿಯ ಒಳಗೆ ಕೆಲವು ದಿನಗಳಾದರೂ 55 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಸುಮಾರು ಒಂದು ಘನಮೀಟರಿಗಿಂತ ಚಿಕ್ಕ ರಾಶಿಗೆ ಆ ಶಾಖವನ್ನು ಹಿಡಿದಿಡುವುದು ಕಷ್ಟ. ಹೀಗಾಗಿ ಬಾಲ್ಕನಿಯ ಡಬ್ಬಿಯಲ್ಲಿ ರೋಗ ಬಂದ ಗಿಡ, ಬೀಜ ಕಟ್ಟಿದ ಕಳೆಗಳನ್ನು ಹಾಕಬಾರದು. ಅಲ್ಲಿ ಎರೆಹುಳುಗಳಿಗೆ ಕೆಲಸ ಒಪ್ಪಿಸುವುದು ಮೇಲು. ಆ ಹುಳುಗಳಿಗೆ ಬೇಕಾದುದೂ ತಂಪೇ.

ಕಾಂಪೋಸ್ಟ್ ಎಷ್ಟು ಹಾಕಿದರೂ ಒಳ್ಳೆಯದೇ ಎಂದು ನಂಬಿದವರಲ್ಲಿ ನಾನೂ ಒಬ್ಬನಿದ್ದೆ. ಅದು ಸಾಧುವಲ್ಲ. ಗಿಡಗಳು ಒಂದು ಪಾಲು ರಂಜಕಕ್ಕೆ ಸುಮಾರು ಏಳೆಂಟು ಪಾಲು ಸಾರಜನಕ ಹೀರುತ್ತವೆ. ಕಾಂಪೋಸ್ಟಿನಲ್ಲಿ ಇರುವುದು ಬಹುಮಟ್ಟಿಗೆ ಎರಡು-ಮೂರು ಪಾಲು, ಅದರಲ್ಲೂ ಮೊದಲ ವರ್ಷ ಗಿಡಕ್ಕೆ ದಕ್ಕುವುದು ಸ್ವಲ್ಪವೇ. ಸಾರಜನಕದ ಹಸಿವು ತೀರುವಷ್ಟು ಕಾಂಪೋಸ್ಟ್ ಸುರಿದರೆ ಬೇಡದ ರಂಜಕ ವರ್ಷದಿಂದ ವರ್ಷಕ್ಕೆ ಮಣ್ಣಿನಲ್ಲಿ ಪೇರಿಸಿಕೊಂಡು, ಕೊನೆಗೆ ಮಳೆನೀರಿನೊಡನೆ ಚರಂಡಿ ಸೇರಿ ಕೆರೆಗಳಲ್ಲಿ ಪಾಚಿ ಬೆಳೆಸುತ್ತದೆ. ಸಣ್ಣ ತೋಟಗಳಲ್ಲಿ ಈ ತಪ್ಪು ದೊಡ್ಡ ಹೊಲಗಳಿಗಿಂತ ಸುಲಭವಾಗಿ ಆಗುತ್ತದೆ, ಏಕೆಂದರೆ ಒಂದು ಮನೆಯ ಕಸವೇ ಒಂದು ಮಡಿಗೆ ಅತಿಯಾಗಬಲ್ಲದು. ಮಣ್ಣು ಪಕ್ವವಾದ ಮೇಲೆ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಪದರ ಸಾಕು. ಉಳಿದ ಸಾರಜನಕವನ್ನು ಅವರೆ, ಅಲಸಂದೆ, ಬೀನ್ಸ್‌ಗಳಂಥ ದ್ವಿದಳ ಬೆಳೆಗಳು ತಮ್ಮ ಬೇರುಗಂಟುಗಳಲ್ಲಿನ ಬ್ಯಾಕ್ಟೀರಿಯಾಗಳ ನೆರವಿನಿಂದ ಗಾಳಿಯಿಂದಲೇ ಹಿಡಿಯುತ್ತವೆ. ಕೊಯ್ಲಾದ ಮೇಲೆ ಬೇರು, ಕಾಂಡ, ಎಲೆಗಳನ್ನು ಮಡಿಗೇ ಬಿಟ್ಟರೆ ಅದರಲ್ಲೊಂದು ಪಾಲು ಮುಂದಿನ ಬೆಳೆಗೆ ಸಿಗುತ್ತದೆ. ಇನ್ನೊಂದು ಮೂಲ ಎಲ್ಲರ ಮನೆಯಲ್ಲೂ ಇದೆ, ಹೆಸರು ಕೇಳಿದರೆ ಮುಖ ಸಿಂಡರಿಸುವವರೇ ಹೆಚ್ಚು: ಮನೆಗಳ ಕೊಳಚೆನೀರಿನಲ್ಲಿ ಮೂತ್ರದ ಪಾಲು ಗಾತ್ರದಲ್ಲಿ ನೂರಕ್ಕೆ ಒಂದರಷ್ಟಿದ್ದರೂ ಸಾರಜನಕದಲ್ಲಿ ಸುಮಾರು ಎಂಬತ್ತರಷ್ಟು. ಹತ್ತು ಪಟ್ಟು ನೀರು ಬೆರೆಸಿ, ಎಲೆಗೆ ತಾಗದಂತೆ ಮಣ್ಣಿಗೆ ಹಾಕಿ, ಕೊಯ್ಲಿಗೆ ಒಂದು ತಿಂಗಳ ಮೊದಲೇ ನಿಲ್ಲಿಸಿದರೆ, ಕಾಂಪೋಸ್ಟಿನ ಕೊರತೆಯನ್ನು ಅದು ನೀಗಿಸುತ್ತದೆ.

ನಗರದ ನೆಲದಲ್ಲಿ ಹೆಚ್ಚಾಗಿ ಕಾಡುವ ಅಪಾಯವೊಂದಿದೆ, ಸೀಸವೆಂಬ ವಿಷಲೋಹ. ಪೆಟ್ರೋಲಿಗೆ ಸೀಸ ಬೆರೆಸುವ ಪದ್ಧತಿ 1920ರ ದಶಕದಲ್ಲಿ ಆರಂಭವಾಯಿತು. ರಸ್ತೆವಾಹನಗಳಿಗೆ ಅದನ್ನು ಮಾರುತ್ತಿದ್ದ ಕೊನೆಯ ದೇಶ ಅಲ್ಜೀರಿಯಾ ನಿಲ್ಲಿಸಿದ್ದು 2021ರಲ್ಲಿ. ಹಳೆಯ ಬಣ್ಣಗಳಲ್ಲೂ ಸೀಸ ಇತ್ತು. ಅದು ಕೊಳೆಯುವುದಿಲ್ಲ, ಕೊಚ್ಚಿಹೋಗುವುದೂ ಕಡಿಮೆ. ಹೆದ್ದಾರಿಗಳ ಬದಿಯಲ್ಲಿ, ಹಳೆಯ ಗೋಡೆಗಳ ಬುಡದಲ್ಲಿ ಮೇಲ್ಮಣ್ಣಿನಲ್ಲೇ ಕುಳಿತಿರುತ್ತದೆ. ಗಿಡದ ಒಳಗೆ ಸೇರುವ ಸೀಸಕ್ಕಿಂತ ಎಲೆ, ಗೆಡ್ಡೆಗಳಿಗೆ ಅಂಟಿದ ಮಣ್ಣು ಮತ್ತು ಮಕ್ಕಳ ಕೈಯ ಧೂಳು ಹೆಚ್ಚು ಅಪಾಯಕಾರಿ. ಕಾಯಿಬೆಳೆಗಳಲ್ಲಿ ಸೀಸ ಅತಿ ಕಡಿಮೆ ಸೇರುತ್ತದೆ. ಹಿಂದೆ ಗ್ಯಾರೇಜು, ಕಾರ್ಖಾನೆ, ಕಸದ ಗುಂಡಿ ಇದ್ದ ಜಾಗವಾದರೆ ಮಣ್ಣು ಪರೀಕ್ಷೆ ಮಾಡಿಸದೆ ಒಂದು ಬೀಜವನ್ನೂ ಹಾಕಬಾರದು. ಸಂಶಯವಿದ್ದರೆ ಹಳೆಯ ನೆಲದ ಮೇಲೆ ದಪ್ಪ ಬಟ್ಟೆ ಹಾಸಿ, ಅದರ ಮೇಲೆ ಶುದ್ಧ ಮಣ್ಣಿನ ಏರುಮಡಿ ಕಟ್ಟುವುದೇ ದಾರಿ.

ಆದರೆ ಏರುಮಡಿಗೂ ಒಂದು ಬೆಲೆಯಿದೆ. 2024ರ ಜನವರಿಯಲ್ಲಿ ನೇಚರ್ ಸಿಟೀಸ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಫ್ರಾನ್ಸ್, ಜರ್ಮನಿ, ಪೋಲೆಂಡ್, ಬ್ರಿಟನ್, ಅಮೆರಿಕಗಳ 73 ನಗರ ತೋಟಗಳನ್ನು ಅಳೆದು, ಅಲ್ಲಿ ಬೆಳೆದ ಆಹಾರದ ಇಂಗಾಲದ ಹೊರೆ, ಅಂದರೆ ಅದನ್ನು ಬೆಳೆಯಲು ಗಾಳಿಗೆ ಸೇರುವ ಹಸಿರುಮನೆ ಅನಿಲಗಳ ಪ್ರಮಾಣ, ಸಾಂಪ್ರದಾಯಿಕ ಬೇಸಾಯದ ಸರಾಸರಿಗಿಂತ ಆರು ಪಟ್ಟು ಎಂದು ತೋರಿಸಿತು. ನಗರ ಬೇಸಾಯದ ಅಭಿಮಾನಿಗಳನ್ನು ಅದು ಬೆಚ್ಚಿಬೀಳಿಸಿತು. ವಿರೋಧಿಗಳು ಶೀರ್ಷಿಕೆಯನ್ನಷ್ಟೇ ಓದಿ ಹಿಗ್ಗಿದರು. ಒಳಹೊಕ್ಕು ನೋಡಿದರೆ ಆ ಹೊರೆಯ ಬಹುಪಾಲು ಬಂದಿದ್ದು ಮಡಿಯ ಚೌಕಟ್ಟು, ಶೆಡ್ಡು, ಕಾಲುದಾರಿಗಳಂಥ ಕಟ್ಟೋಣದಿಂದ. ಐದೇ ವರ್ಷ ಬಳಸಿ ಬಿಸಾಡಿದ ಏರುಮಡಿಯ ಹೊರೆ, ಇಪ್ಪತ್ತು ವರ್ಷ ಬಳಸಿದ್ದಕ್ಕಿಂತ ಸುಮಾರು ನಾಲ್ಕು ಪಟ್ಟು. ಆದರೆ ನಗರ ತೋಟದ ತೆರೆದ ಮಣ್ಣಿನಲ್ಲಿ ಬೆಳೆದ ಟೊಮೆಟೊದ ಹೊರೆ ಬಿಸಿಮಾಡಿದ ಗಾಜಿನಮನೆಯ ಟೊಮೆಟೊದ್ದಕ್ಕಿಂತ ಕಡಿಮೆಯಿತ್ತು. ಹೊಸ ಮರ, ಹೊಸ ಪ್ಲಾಸ್ಟಿಕ್, ಹೊಸ ಲೋಹ ಕೊಂಡು ಆರಂಭಿಸುವ ತೋಟ ಸಾಲದೊಂದಿಗೆ ಹುಟ್ಟುತ್ತದೆ, ಆ ಸಾಲವನ್ನು ಸೊಪ್ಪು ತೀರಿಸಬೇಕು. ಒಡೆದ ಇಟ್ಟಿಗೆ, ಹಳೆಯ ಹಲಗೆ, ಬಳಸಿ ಬಿಟ್ಟ ಡ್ರಮ್ಮುಗಳಿಂದ ಕಟ್ಟಿದ್ದಕ್ಕೆ ಆ ಸಾಲ ಬಹಳ ಕಡಿಮೆ.

ನೆಲವನ್ನು ಹಿಗ್ಗಿಸಲಾಗದವರು ಕಾಲವನ್ನು ಹಿಗ್ಗಿಸಬಹುದು. ಮೂಲಂಗಿ ನಾಲ್ಕು ವಾರಕ್ಕೆ ಕೀಳಲು ಬರುತ್ತದೆ. ಹೂಕೋಸು ಎರಡು-ಮೂರು ತಿಂಗಳು ಜಾಗ ಹಿಡಿಯುತ್ತದೆ, ಆದರೆ ಮೊದಲ ತಿಂಗಳು ಅದರ ಸುತ್ತ ಮಣ್ಣು ಖಾಲಿ. ಆ ಖಾಲಿಯಲ್ಲಿ ಮೂಲಂಗಿಯನ್ನೂ ಸೊಪ್ಪನ್ನೂ ಬೆಳೆದು, ಹೂಕೋಸಿನ ಎಲೆ ಹರಡುವ ಹೊತ್ತಿಗೆ ಕಿತ್ತುಬಿಡುವುದು ಪ್ಯಾರಿಸ್ ತೋಟಗಾರರ ನಿತ್ಯದ ಪರಿಪಾಠವಾಗಿತ್ತು. ಸಸಿಗಳನ್ನು ಮೂಲೆಯ ತಟ್ಟೆಯಲ್ಲಿ ಮೂರು-ನಾಲ್ಕು ವಾರ ಬೆಳೆಸಿ ನಂತರ ನಾಟಿ ಮಾಡಿದರೆ ಮಡಿಯಲ್ಲಿ ಅಷ್ಟು ವಾರಗಳು ಉಳಿಯುತ್ತವೆ. ಸೊಪ್ಪನ್ನು ಬುಡಸಮೇತ ಕೀಳದೆ ಹೊರಗಿನ ಎಲೆಗಳನ್ನಷ್ಟೇ ಬಿಡಿಸಿಕೊಂಡರೆ ಒಂದೇ ಗಿಡ ಹಲವು ವಾರ ಕೊಡುತ್ತದೆ. ಕೀಟ-ರೋಗಗಳ ವಿಷಯದಲ್ಲಿ ಸಣ್ಣ ತೋಟಕ್ಕೆ ಅನುಕೂಲವೂ ಇದೆ, ಅನನುಕೂಲವೂ ಇದೆ: ದಿನಕ್ಕೆ ಹತ್ತು ನಿಮಿಷದಲ್ಲಿ ಪ್ರತಿ ಎಲೆಯ ಅಡಿ ನೋಡಿ ಮೊಟ್ಟೆಗಳನ್ನು ಉಜ್ಜಿಹಾಕಬಹುದು, ಆದರೆ ಒಂದೇ ಸಸ್ಯ ಕುಟುಂಬದ ಟೊಮೆಟೊ, ಬದನೆ, ಮೆಣಸಿನಕಾಯಿಗಳನ್ನು ಮಣ್ಣಿನ ರೋಗದಿಂದ ದೂರ ಒಯ್ಯುವಷ್ಟು ಜಾಗವಿರುವುದಿಲ್ಲ. ಎತ್ತರದ ಬಾಲ್ಕನಿಗಳಿಗೆ ಜೇನ್ನೊಣ ಬಾರದಿದ್ದರೆ ಸೌತೆ, ಕುಂಬಳದ ಹೆಣ್ಣುಹೂವಿಗೆ ಗಂಡುಹೂವನ್ನು ಕೈಯಿಂದಲೇ ಮುಟ್ಟಿಸಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಉಳಿಯುವ ಪ್ರಶ್ನೆ ಈ ನೆಲ ಎಷ್ಟು ವರ್ಷ ನನ್ನದು ಎಂಬುದು. ಸತ್ತ ಮಣ್ಣು ಎರೆಹುಳು ತುಂಬಿದ ಕಪ್ಪು ಮಣ್ಣಾಗಲು ಕೆಲವು ವರ್ಷಗಳು ಬೇಕು. ಮುಂದಿನ ವರ್ಷ ಖಾಲಿ ಮಾಡಬೇಕಾಗಬಹುದು ಎಂದು ಗೊತ್ತಿರುವವರು ಗೊಬ್ಬರ ಹೊರುವುದಿಲ್ಲ, ಹೊರಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಇಂಗ್ಲೆಂಡಿನಲ್ಲಿ 1908ರ ಕಾಯ್ದೆಯೊಂದು, ಬೇಡಿಕೆ ಇದ್ದಲ್ಲಿ ಜನರಿಗೆ ತೋಟದ ತುಂಡುಗಳನ್ನು ಒದಗಿಸುವ ಹೊಣೆಯನ್ನು ಸ್ಥಳೀಯ ಆಡಳಿತಗಳ ಮೇಲೆ ಹಾಕಿತು. ಜರ್ಮನಿಯ 1983ರ ಕಾಯ್ದೆ ಅಂಥ ಒಂದು ತುಂಡು 400 ಚದರ ಮೀಟರ್ ಮೀರಬಾರದೆಂದು ಹೇಳುತ್ತ, ಗೇಣಿದಾರರನ್ನು ಮನಬಂದಂತೆ ಎಬ್ಬಿಸದಂತೆ ರಕ್ಷಣೆಯನ್ನೂ ಕೊಡುತ್ತದೆ. ಪ್ಯಾರಿಸ್ಸಿನ ತೋಟಗಾರರಿಗೆ ಅಂಥ ಕಾಯ್ದೆಯ ಆಸರೆ ಇರಲಿಲ್ಲ. ನಗರ ಬೆಳೆದಂತೆ ಅವರು ಹೊರಹೊರಗೆ ಸರಿಯಬೇಕಾಗುತ್ತಿತ್ತು. ಅದಕ್ಕಾಗಿ ಅವರು ಗುತ್ತಿಗೆ ಪತ್ರದಲ್ಲೇ ಒಂದು ಷರತ್ತು ಬರೆಸಿಕೊಳ್ಳುವ ರೂಢಿಯಿತ್ತು: ಜಾಗ ಬಿಡುವಾಗ, ಗೊತ್ತುಪಡಿಸಿದ ಆಳದವರೆಗಿನ ಮಣ್ಣನ್ನು ಅಗೆದು ಗಾಡಿಗೆ ಹೇರಿಕೊಂಡು ಹೋಗುವ ಹಕ್ಕು ತೋಟಗಾರನದು.